ಗುಬ್ಬಿಮಡ್ಡಿಯ ಕಾಡುಹರಳು

2012ರ ಫೆಬ್ರುವರಿ 6, ಸೋಮವಾರ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಬೀಳಗಿ ಠಾಣೆಯ ಮುಂದೆ ಒಂದು ಟಂಟಂ ಬಂದು ನಿಂತಿತು. ಆರು ಜನ ಕೂರಬೇಕಾದ ಗಾಡಿಯಿಂದ ಹದಿನಾಲ್ಕು ಹೆಣ್ಣುಮಕ್ಕಳು ಇಳಿದರು, ಕೊನೆಗೆ ಕಂಬಳಿ ಹೆಗಲಿಗೆ ಹಾಕಿಕೊಂಡ ಒಬ್ಬ ಮುದುಕ. ಹೆಡ್ ಕಾನ್‌ಸ್ಟೇಬಲ್ ಗಿರಮಲ್ಲಪ್ಪ ಬಾಗಿಲಲ್ಲಿ ನಿಂತು ತಲೆ ಎಣಿಸಿದ. ಮೊದಲು ಈ ಟಂಟಂ ಡ್ರೈವರ್ ಮೇಲೆಯೇ ಒಂದು ಕೇಸು ಜಡಿಯಬೇಕು ಅನ್ನಿಸಿತು. ಆದರೆ ಹೆಂಗಸರ ಮುಖ ನೋಡಿ ಸುಮ್ಮನೆ ದಾರಿ ಬಿಟ್ಟ.

ಪಿಎಸ್‌ಐ ಶುಭದಾ ಗಲಗಲಿ ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಜಮಖಂಡಿಯ ಹುಡುಗಿ, ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಎದುರಿಗೆ ಕಂಡದ್ದನ್ನೆಲ್ಲ ಎಣಿಸುವುದು, ಅರ್ಥವಾಗದಿದ್ದರೂ ಬರೆದಿಡುವುದು ಅವಳ ಚಾಳಿ. ಇದರಿಂದ ಪಂಚನಾಮೆಗಳು ಉದ್ದವಾಗುತ್ತವೆ ಎಂದು ಗಿರಮಲ್ಲಪ್ಪನ ಗೊಣಗಾಟ, ಏಕೆಂದರೆ ಅವುಗಳನ್ನು ಶುದ್ಧಪ್ರತಿ ಮಾಡುವವನು ಅವನೇ.

"ಏನಾತ್ರೀ?" ಶುಭದಾ ಕೇಳಿದಳು.

ಮುಂದೆ ಬಂದವಳು ಹಣಮವ್ವ. ಐವತ್ತರ ಹತ್ತಿರದ ಹೆಂಗಸು. ಗುಬ್ಬಿಮಡ್ಡಿ ಪುನರ್ವಸತಿ ಊರಿನ ಮಹಿಳಾ ಸಂಘಕ್ಕೆ ಅಧ್ಯಕ್ಷೆ.

"ಗಿಡಾ ಕಡದಾರ್ರಿ ಅಕ್ಕಾರ. ಮುನ್ನೂರಾ ನಲವತ್ತು."

"ಯಾವ ಗಿಡ?"

"ಕಾಡುಹರಳ್ರಿ. ಡೀಸೆಲ್ ಗಿಡಾ."

"ಯಾವಾಗ ನೋಡಿದ್ರಿ?"

"ಮುಂಜಾನಿ ಆರಕ್ಕ. ನಿನ್ನಿ ಸಂಜಿಮುಂದ ಎಲ್ಲಾ ನಿಂತಿದ್ವು."

"ಯಾರ ಮ್ಯಾಲ ಸಂಶಯ ಅದ?"

ಹೆಂಗಸರೆಲ್ಲ ಒಟ್ಟಿಗೇ ಬಾಯಿ ತೆಗೆದರು. ಹಣಮವ್ವ ಕೈ ಎತ್ತಿ ಅವರನ್ನು ಸುಮ್ಮನಾಗಿಸಿ, ಮೊದಲಿನಿಂದ ಹೇಳಿದಳು. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರು ಹೋಗಿ, ಕಲ್ಲುದಿಬ್ಬದಂಥ ಮಡ್ಡಿಯ ಮೇಲೆ ಹೊಸ ಊರು ಕಟ್ಟಿಕೊಂಡವರು ಅವರು. ಊರ ಪಕ್ಕದಲ್ಲೇ ಪಂಚಾಯಿತಿಯ ಹನ್ನೆರಡು ಎಕರೆ ನೆಲ, ಬರೀ ಕಲ್ಲು. ಮೂರು ವರ್ಷದ ಹಿಂದೆ ಇಪ್ಪತ್ತೆರಡು ಹೆಂಗಸರು ಅದನ್ನು ಜೈವಿಕ ಇಂಧನದ ಗಿಡ ಬೆಳೆಸಲು ಗುತ್ತಿಗೆಗೆ ಹಿಡಿದರು. ಗುಂಡಿ ತೋಡಿ, ಎರಡು ಬೇಸಿಗೆ ತಲೆಯ ಮೇಲೆ ನೀರು ಹೊತ್ತು, ಹೊಂಗೆ ಮತ್ತು ಕಾಡುಹರಳು ಬೆಳೆಸಿದರು. ಈ ಜನವರಿಯಲ್ಲಿ ಮೊದಲ ಬೀಜ ಬನಹಟ್ಟಿಯ ಒಂದು ಗಾಣಕ್ಕೆ ಹೋಯಿತು. ಎಣ್ಣೆ ಬಾಗಲಕೋಟೆಯ ಘಟಕದಲ್ಲಿ ಡೀಸೆಲ್ ಆಗಿ ನಲವತ್ತು ಲೀಟರ್ ಊರಿಗೆ ಬಂತು. ಕುಡಿಯುವ ನೀರಿನ ಎಂಜಿನ್ನಿಗೆ ಅದನ್ನು ಹಾಕಿದಾಗ ಎಂಜಿನ್ ಓಡಿತು. ಹೊಗೆಯಲ್ಲಿ ಮಿರ್ಚಿ ಕರಿದ ವಾಸನೆ ಬರುತ್ತದೆ ಎಂದು ಗಂಡಸರು ನಕ್ಕರು. ನೀರು ಬಂದದ್ದು ಮಾತ್ರ ಎಲ್ಲರ ಮನೆಗೂ.

"ಮಾರ್ಚ್ ಹದಿನೈದಕ್ಕ ತಾಲೂಕಿನವರು ನೋಡಾಕ ಬರ್ತಾರ್ರಿ," ಹಣಮವ್ವ ಹೇಳಿದಳು. "ಮುನ್ನೂರು ಕಾಡುಹರಳು ಜೀವಂತ ಇರಬೇಕು. ಇಲ್ಲಂದ್ರ ಗುತ್ತಿಗಿ ರದ್ದು. ನೆಲಾ ಹ್ವಾದ್ರ ನಾವು ಇಪ್ಪತ್ತೆರಡು ಮಂದಿ ಮತ್ತ ಕಬ್ಬ ಕಡಿಯಾಕ ಹೋಗೂದ. ಆ ನೆಲದ ಮ್ಯಾಲ ಚನಮಲ್ಲಪ್ಪನ ಕಣ್ಣೈತಿ. ಎರಡು ಸಲ ಅರ್ಜಿ ಕೊಟ್ಟಾನ್ರಿ."

"ಹೊರಗ ಕುಂತಾರಲ್ಲ, ಆ ಅಜ್ಜಾರು ಯಾರು?"

"ನಮ್ಮಣ್ಣ ಜಕ್ಕಪ್ಪ. ಬೀರೇಶ್ವರ ದೇವರ ಕುರಿ ಕಾಯ್ತಾನ. ಅಂವಗ ಏನೂ ಗೊತ್ತಿಲ್ರಿ, ನಾ ಅಳಾಕತ್ತೆ ಅಂತ ಸುಮ್ಮ ಕೂಡಿ ಬಂದಾನ."

ಗಿರಮಲ್ಲಪ್ಪ ಹೊರಗೆ ಹೋಗಿ ಮುದುಕನಿಗೆ ನೀರು ಕೊಟ್ಟು ಬಂದ. "ಏನ್ರೀ ಮೇಡಂ, ಅಜ್ಜ ಲಗ್ನಕ್ಕ ಬಂದಂಗ ಹೊಸಾ ಧೋತರ ಉಟ್ಕೊಂಡ ಬಂದಾನ," ಎಂದ. 10 ಗಂಟೆ 30 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 21/2012, ಐಪಿಸಿ ಕಲಂ 447 ಮತ್ತು 427, ಅತಿಕ್ರಮ ಪ್ರವೇಶ ಮತ್ತು ನಷ್ಟ. ಆರೋಪಿಯ ಕಾಲಂನಲ್ಲಿ "ಅಪರಿಚಿತರು" ಎಂದು ಶುಭದಾ ಬರೆಸಿದಳು. ಗಿಡಗಳ ನಷ್ಟದ ಅಂದಾಜು ಮಾಡಿಕೊಡಿ ಎಂದು ತೋಟಗಾರಿಕೆ ಕಚೇರಿಗೂ ಅಂದೇ ಒಂದು ಪತ್ರ ಹೋಯಿತು.

ಸ್ಥಳ ಪಂಚನಾಮೆ ಶುರುವಾದಾಗ ಮಧ್ಯಾಹ್ನ 12 ಗಂಟೆ 15 ನಿಮಿಷ. ಹಿಟ್ಟಿನ ಗಿರಣಿಯ ಹಾಲಸಿದ್ದಪ್ಪ ಒಬ್ಬ ಪಂಚ, ಅಂಗನವಾಡಿಯ ಶಿಕ್ಷಕಿ ಇನ್ನೊಬ್ಬರು. ಬಿಸಿಲು ಕಲ್ಲಿನಿಂದ ಪುಟಿದು ಮುಖಕ್ಕೆ ಹೊಡೆಯುತ್ತಿತ್ತು. ಆಳೆತ್ತರ ಇರಬೇಕಾದ ಗಿಡಗಳು ಸಾಲುಸಾಲಾಗಿ ಮೊಳಕಾಲಿನ ಎತ್ತರಕ್ಕೆ ನಿಂತಿದ್ದವು. ಎರಡು ಬೇಸಿಗೆ ನೀರು ಹೊತ್ತವರ ಕತ್ತಿನ ನೋವು ಆ ಸಾಲಿನಲ್ಲಿ ಕಾಣುತ್ತಿತ್ತು.

ಶುಭದಾ ಎಣಿಸಿದಳು. ಕಾಡುಹರಳು ಮುನ್ನೂರಾ ನಲವತ್ತು, ಒಂದೂ ಬಿಟ್ಟಿಲ್ಲ. ನಡುನಡುವೆ ನಿಂತ ನೂರೆಂಬತ್ತು ಹೊಂಗೆ ಗಿಡಗಳಲ್ಲಿ ಒಂದಕ್ಕೂ ಪೆಟ್ಟಿಲ್ಲ. ಪ್ರತಿ ಕಾಡುಹರಳಿಗೂ ಒಂದೇ ಏಟು, ಓರೆಯಾಗಿ, ಸಣ್ಣ ಕೊಡಲಿಯದು. ತೊಗಟೆ ಎಲ್ಲೂ ಸೀಳಿರಲಿಲ್ಲ.

"ಇದರಾಗ ಅವಸರಾ ಕಾಣಂಗಿಲ್ರಿ ಮೇಡಂ," ಗಿರಮಲ್ಲಪ್ಪ ಕುಕ್ಕರುಗಾಲಿನಲ್ಲಿ ಕೂತು ಒಂದು ಕಾಂಡವನ್ನು ಹಿಡಿದು ನೋಡುತ್ತ ಹೇಳಿದ. "ಸಿಟ್ಟೂ ಕಾಣಂಗಿಲ್ಲ."

"ಕಡಿದ ಟೊಂಗಿ ಎಲ್ಲಿ?"

ಅದು ಇನ್ನೂ ವಿಚಿತ್ರವಾಗಿತ್ತು. ಕಡಿದ ಟೊಂಗೆಗಳನ್ನು, ಅವುಗಳಲ್ಲಿದ್ದ ಕಾಯಿ ಸಮೇತ, ಯಾರೋ ಹೊತ್ತು ತಂದು ಕೆಳಗಿನ ಹಳ್ಳದ ಒಂದು ತಗ್ಗಿನಲ್ಲಿ ಒಟ್ಟಿದ್ದರು. ಸುತ್ತ ಬಳ್ಳಾರಿ ಜಾಲಿಯ ಮುಳ್ಳನ್ನು ಬೇಲಿಯಂತೆ ಹಚ್ಚಿ, ಅಲುಗಾಡದಂತೆ ಕಲ್ಲು ಹೇರಿದ್ದರು. ಗಿಡ ಹಾಳು ಮಾಡಲು ಬಂದವನು ಹಾಳು ಮಾಡಿ ಹೋಗುತ್ತಾನೆ. ಹಾಳು ಮಾಡಿದ್ದಕ್ಕೆ ಬೇಲಿ ಕಟ್ಟುವವನನ್ನು ಶುಭದಾ ಈ ನೌಕರಿಯಲ್ಲಿ ಕಂಡಿರಲಿಲ್ಲ. ಅದನ್ನೂ ಬರೆದಳು.

2 ಗಂಟೆ 50 ನಿಮಿಷಕ್ಕೆ ಪಂಚನಾಮೆ ಮುಗಿಯಿತು. ಗಿರಮಲ್ಲಪ್ಪನ ಖಾಕಿ ತೋಳಿಗೆ ಗಿಡದ ಹಾಲು ತಾಗಿತ್ತು. ಸಂಜೆಯ ಹೊತ್ತಿಗೆ ಅದು ಕಂದು ಕಲೆಯಾಯಿತು. ಮರುದಿನ ಅದೇ ಅಂಗಿ ತೊಟ್ಟು ಬಂದವನು, ಅರ್ಧ ಸಾಬೂನು ತಿಕ್ಕಿದರೂ ಕಲೆ ಹೋಗಲಿಲ್ಲ, ಹೆಂಡತಿಯ ಸಿಟ್ಟೂ ಹೋಗಲಿಲ್ಲ ಎಂದು ಹೇಳಿದ. ಶುಭದಾ ಅವನ ತೋಳನ್ನು ಹಿಡಿದು ತಿರುಗಿಸಿ ನೋಡಿದಳು.

"ಅಂದ್ರ ಕಡಿದವನ ಬಟ್ಟಿಗೂ ಇದು ಹತ್ತಿರಬೇಕು."

"ಮುನ್ನೂರಾ ನಲವತ್ತು ಗಿಡದ್ದು ಹತ್ತೇತಂದ್ರ, ಅಂವ ಬಟ್ಟಿ ಸುಡಬೇಕ ಹೊರತು ಒಗಿಯಾಕ ಆಗಂಗಿಲ್ರಿ."

ಫೆಬ್ರುವರಿ 7ರ ಬೆಳಿಗ್ಗೆ 11 ಗಂಟೆಗೆ ಇಬ್ಬರೂ ಚನಮಲ್ಲಪ್ಪನ ಹೊಲಕ್ಕೆ ಹೋದರು. ಅಲ್ಲಿ ಕಬ್ಬಿನ ಕಟಾವು ನಡೆದಿತ್ತು. ಚನಮಲ್ಲಪ್ಪ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪೊಲೀಸರನ್ನು ಕಂಡು ಎದ್ದ, ಆದರೆ ಹೆದರಲಿಲ್ಲ.

"ರವಿವಾರ ರಾತ್ರಿ ಎಲ್ಲಿದ್ರಿ?"

"ಬಾಡಗಂಡಿ ಫ್ಯಾಕ್ಟರಿ ಸರದ್ಯಾಗ್ರಿ. ಮೂರು ಟ್ರ್ಯಾಕ್ಟರ್ ಕಬ್ಬು. ತೂಕಾ ಆಗಿ ಹೊರಗ ಬೀಳೂದ್ರಾಗ ಸೋಮವಾರ ಮುಂಜಾನಿ ಎಂಟು."

"ನಿಮ್ಮ ಆಳುಗಳು?"

"ಅರ್ಧ ಮಂದಿ ನನ್ನ ಕೂಡ, ಅರ್ಧ ಮಂದಿ ಗುಡಸಲ್ದಾಗ ಮಲಗಿದ್ರು. ಕೇಳ್ರಿ ಬೇಕಾದ್ರ."

"ಹೆಣ್ಣುಮಕ್ಕಳ ನೆಲ ನಿಮಗ ಬೇಕಾಗಿತ್ತಂತಲ್ಲ?"

"ಬೇಕಾಗಿತ್ತ ಅಲ್ಲ, ಈಗೂ ಬೇಕು. ಹಿನ್ನೀರಿನಿಂದ ಪೈಪ್ ಹಾಕಿದ್ರ ಆ ಮಡ್ಡ್ಯಾಗ ಕಬ್ಬು ಬರ್ತೈತಿ. ಅರ್ಜಿ ಕೊಟ್ಟೇನಿ, ಮತ್ತ ಕೊಡ್ತೇನಿ." ಅವನು ಮನೆಯ ಕಡೆಗೆ ಕೈ ತೋರಿಸಿದ. "ನಾ ಮಾಡಸೂದಿದ್ರ ಕಡಿಸ್ತಿರಲಿಲ್ರಿ. ಬೇರ ಸಮೇತ ಕೀಳಸ್ತಿದ್ದೆ. ಜೆಸಿಬಿ ನಿಂತೈತಿ ನೋಡ್ರಿ ಅಂಗಳದಾಗ."

ಶುಭದಾಳ ಕಣ್ಣು ಕಬ್ಬು ಕಡಿಯುವವರ ಮೇಲಿತ್ತು. ಒಬ್ಬೊಬ್ಬರೂ ಸೊಂಟ ಮಡಿಸಿ, ಕುಡುಗೋಲನ್ನು ನೆಲಕ್ಕೆ ತಾಗಿಸಿಯೇ ಬೀಸುತ್ತಿದ್ದರು. ಕಬ್ಬಿನ ಸಿಹಿ ಬುಡದಲ್ಲಿ ಇರುತ್ತದೆ, ಒಂದು ಗೇಣು ಮೇಲೆ ಕಡಿದರೂ ಆಳುಗಳ ಮೇಲಿನ ಮುಕಾದಮ ಬೈಯುತ್ತಾನೆ. ಇಂಥ ಕೈಗಳು ಮುನ್ನೂರಾ ನಲವತ್ತು ಗಿಡಗಳನ್ನು ಮೊಳಕಾಲಿನ ಎತ್ತರಕ್ಕೆ ಬಿಟ್ಟು ಕಡಿಯುವುದು ಸಾಧ್ಯವಿರಲಿಲ್ಲ. ಗಿರಮಲ್ಲಪ್ಪ ಗುಡಿಸಲುಗಳ ಮುಂದೆ ಒಣಗಲು ಹಾಕಿದ ಬಟ್ಟೆಗಳನ್ನೆಲ್ಲ ನೋಡಿ ಬಂದು ತಲೆ ಅಲ್ಲಾಡಿಸಿದ. ಕಬ್ಬಿನ ಮಸಿ ಇತ್ತು, ಕಂದು ಕಲೆ ಇರಲಿಲ್ಲ. ಮಧ್ಯಾಹ್ನ 3 ಗಂಟೆ 30 ನಿಮಿಷಕ್ಕೆ ಫ್ಯಾಕ್ಟರಿಯ ಸರದಿ ಚೀಟಿಯೂ ತಾಳೆಯಾಯಿತು. ಚನಮಲ್ಲಪ್ಪ ಹೇಳಿದ್ದು ಖರೆ.

ಊರವರೆಲ್ಲ ಕೈ ತೋರಿಸಿದ ಮನುಷ್ಯ ನಿರಪರಾಧಿ ಎಂದಾಗ ಪೊಲೀಸರಿಗೆ ಒಂದು ಬೇಸರ ಬರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗಿರಮಲ್ಲಪ್ಪ ಜೀಪಿನಲ್ಲಿ ದಾರಿಯುದ್ದಕ್ಕೂ ಸುಪಾರಿ ಅಗಿಯುತ್ತ ಕೂತ. ಶುಭದಾ ಮಾತ್ರ ಆ ಮುಳ್ಳಿನ ಬೇಲಿಯನ್ನೇ ಯೋಚಿಸುತ್ತಿದ್ದಳು.

"ಗಿರಮಲ್ಲಪ್ಪಾ, ಮುಳ್ಳು ಯಾಕ ಹಚ್ತಾರ?"

"ದನಾ ಕುರಿ ಬರಬಾರ್ದಂತ್ರಿ."

"ಈ ಗಿಡ ದನಾ ತಿಂತಾವೇನು?"

"ಇಲ್ರಿ. ಮೂಸಿ ಸೈತ ನೋಡಂಗಿಲ್ಲ. ಅದಕ್ಕ ಹೊಲದ ಬೇಲಿಗೆ ಹಚ್ತಿದ್ರು ಮೊದಲ."

"ತಿನ್ನಂಗಿಲ್ಲ ಅಂತ ಎಲ್ಲಾರಿಗೂ ಗೊತ್ತದ. ಅಂದಮ್ಯಾಲ ಇದಕ್ಕ ಹೆದರೋದು ಯಾರು? ಒಮ್ಮೆ ತಿಂದು ಸತ್ತದ್ದನ್ನ ಕಂಡಾವ್ರು."

ಗಿರಮಲ್ಲಪ್ಪ ಅಗಿಯುವುದನ್ನು ನಿಲ್ಲಿಸಿದ.

ಫೆಬ್ರುವರಿ 8ರ ಬೆಳಿಗ್ಗೆ 10 ಗಂಟೆಗೆ ಅವರು ಪಶು ಆಸ್ಪತ್ರೆಯಲ್ಲಿದ್ದರು. ಡಾಕ್ಟರ್ ಮುರಗೆಪ್ಪ ಒಂದು ಎಮ್ಮೆಗೆ ಸೂಜಿ ಚುಚ್ಚಿ, ಕೈ ತೊಳೆದು ಬಂದರು.

"ಎಲಿ ಮುಟ್ಟಂಗಿಲ್ರಿ," ಎಂದರು. "ಆದ್ರ ಬೀಜ ಹಿಂಡಿ ಎಣ್ಣಿ ತಗದ ಮ್ಯಾಲ ಉಳಿಯೋ ಹಿಂಡಿ ಬ್ಯಾರೆ ಮಾತು. ನಮ್ಮ ಕಡೆ ಹಿಂಡಿ ಅಂದ್ರ ದನಕ್ಕ ಹಾಕೋದು ಅಂತನ ಲೆಕ್ಕ. ಶೇಂಗಾದ್ದು, ಕುಸುಬಿದು. ಕಾಡುಹರಳಿಂದು ಹೊಲಕ್ಕ ಗೊಬ್ಬರ ಆಗಬೇಕು, ಬಾಯಿಗೆ ಹೋದ್ರ ವಿಷ."

"ಇತ್ತೀಚಿಗೆ ಅಂಥಾದ್ದು ಯಾವುದಾದ್ರೂ ಬಂದದ ಏನ್ರಿ?"

ಡಾಕ್ಟರ್ ರಿಜಿಸ್ಟರ್ ತೆರೆದರು. ಜನವರಿ 24, ಮಂಗಳವಾರ. ಕುರಿಗಳಿಗೆ ರಕ್ತಭೇದಿ, ನೀರು ಕುಡಿಯುವುದನ್ನು ಬಿಟ್ಟಿವೆ. ಪ್ರಾಣಿಗಳನ್ನು ತಂದಿಲ್ಲ. "ಒಬ್ಬ ಮುದುಕಾ ನಡ್ಕೊಂಡ ಬಂದಿದ್ದ. ಏನ ತಿಂದಾವ ಅಂದ್ರ ಹಿಂಡಿ ಅಂದ. ಯಾವ ಹಿಂಡಿ ಅಂದ್ರ ಗೊತ್ತಿಲ್ಲ ಅಂದ. ಕಾಡುಹರಳಿಂದ ಇದ್ದಂಗೈತಿ, ಕುರಿ ಹೊತ್ಕೊಂಡ ಬಾ, ಇಲ್ಲಾ ನಾನ ಬರ್ತೇನಿ ಅಂದೆ. ಅಷ್ಟು ಕೇಳಿ ಮಾರಿ ಸಪ್ಪಗ ಮಾಡ್ಕೊಂಡ ಹ್ವಾದಾಂವ ತಿರುಗಿ ಬರಲೇ ಇಲ್ಲ."

"ಹೆಸರು?"

ಡಾಕ್ಟರ್ ಬೆರಳಿಟ್ಟು ತೋರಿಸಿದರು. ಮಾಲೀಕರ ಹೆಸರು: ಬೀರೇಶ್ವರ. ಊರು: ಗುಬ್ಬಿಮಡ್ಡಿ.

"ಗುಬ್ಬಿಮಡ್ಡ್ಯಾಗ ಬೀರೇಶ್ವರ ಅನ್ನಾಂವ ಯಾರಿದಾನ?" ಶುಭದಾ ಕೇಳಿದಳು.

"ಅದಾನ್ರಿ," ಗಿರಮಲ್ಲಪ್ಪ ನಿಧಾನವಾಗಿ ಹೇಳಿದ. "ಗುಡ್ಯಾಗ."

ದೇವರ ಹೆಸರಿನಲ್ಲಿ ಭಕ್ತರು ಬಿಟ್ಟ ಕುರಿಗಳಿಗೆ ಮಾಲೀಕ ದೇವರೇ. ಕಾಯುವವನು ತನ್ನದು ಅನ್ನುವಂತಿಲ್ಲ. ಆಸ್ಪತ್ರೆಯಲ್ಲಿ ಮಾಲೀಕ ಯಾರು ಎಂದು ಕೇಳಿದಾಗ ಮುದುಕ ಸುಳ್ಳು ಹೇಳಿರಲಿಲ್ಲ. ಶುಭದಾಳಿಗೆ ಸೋಮವಾರದ ಹೊಸ ಧೋತರ ನೆನಪಾಯಿತು. ರಿಜಿಸ್ಟರಿನ ನಕಲು ತೆಗೆದುಕೊಂಡು ಇಬ್ಬರೂ ಜೀಪು ಹತ್ತಿದರು.

ಬೀರೇಶ್ವರನ ಗುಡಿ ಮಡ್ಡಿಯ ಅಂಚಿನಲ್ಲಿತ್ತು. ಹಳೆಯ ಊರಿನಿಂದ ಕಲ್ಲುಕಲ್ಲು ಹೊತ್ತು ತಂದು ಕಟ್ಟಿದ್ದು. ಮಧ್ಯಾಹ್ನ 3 ಗಂಟೆಯ ಬಿಸಿಲಿಗೆ ಕುರಿಗಳು ಹೊಂಗೆಯ ನೆರಳಿನಲ್ಲಿ ತಲೆ ತಗ್ಗಿಸಿ ಒತ್ತೊತ್ತಾಗಿ ನಿಂತಿದ್ದವು. ಜಕ್ಕಪ್ಪ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಶುಭದಾ ಮೊದಲು ಕುರಿಗಳನ್ನು ಎಣಿಸಿದಳು, ಆಮೇಲೆ ಅವನ ಎದುರಿಗೆ ಕಟ್ಟೆಯ ಮೇಲೆ ಕೂತಳು.

"ಅಜ್ಜಾರ, ದೇವರ ಕುರಿ ಎಷ್ಟವ?"

"ನಲವತ್ತವ್ವಾ."

"ಇಪ್ಪತ್ತೊಂಬತ್ತು ಅವ. ಹನ್ನೊಂದು ಎಲ್ಲಿ?"

"ಬ್ಯಾರೆ ಹಟ್ಟಿ ಕೂಡ ಮೇಯಾಕ ಹೋಗ್ಯಾವ."

"ಯಾರ ಹಟ್ಟಿ?"

ಜಕ್ಕಪ್ಪನ ಕೈ ನೂಲುತ್ತಲೇ ಇತ್ತು. ಅಷ್ಟರಲ್ಲಿ ಗಿರಮಲ್ಲಪ್ಪ ಗುಡಿಯ ಹಿಂದಿನಿಂದ ಒಂದು ಧೋತರ ಹಿಡಿದುಕೊಂಡು ಬಂದ. ಒಗೆದು ಒಗೆದು ಸವೆದಿತ್ತು. ಮೊಳಕಾಲಿನಿಂದ ಕೆಳಗೆ ಪೂರಾ ಕಂದು ಕಲೆ.

"ಇದೇನಜ್ಜಾ?"

"ಚಾ ಚಲ್ಲೇತಿ."

ಗಿರಮಲ್ಲಪ್ಪ ತನ್ನ ಖಾಕಿ ತೋಳನ್ನು ಧೋತರದ ಪಕ್ಕಕ್ಕೆ ಹಿಡಿದ. ಎರಡೂ ಒಂದೇ ಬಣ್ಣ. "ನಮ್ಮ ಮನ್ಯಾಕಿ ಎರಡು ದಿನಾ ತಿಕ್ಯಾಳ ಇದನ್ನ. ಚಾ ಹಿಂಗ ಹಿಡಿಯಂಗಿಲ್ಲ."

ಜಕ್ಕಪ್ಪ ಉಣ್ಣೆಯನ್ನು ಕೆಳಗಿಟ್ಟ. ಗುಡಿಯ ಬಾಗಿಲ ಕಡೆ ನೋಡಿದ. ಅವನ ಬಾಯಿಂದ ಬಂದ ಮೊದಲ ಖರೆ ಮಾತು ಇದು:

"ಅಕಿಗೆ ಹೇಳಬ್ಯಾಡ ಯವ್ವಾ."

"ಯಾರಿಗೆ?"

"ಹಣಮವ್ವಗ."

ಆಮೇಲೆ ಅವನು ಹೇಳಿದ್ದನ್ನು ಶುಭದಾ ತಡೆಯದೆ ಕೇಳಿದಳು. ಅವನು ಎಂಟು ತಿಂಗಳು ಕುರಿಗಳ ಜೊತೆ ಊರೂರು ತಿರುಗಿ ಸಂಕ್ರಾಂತಿಗೆ ಬಂದಿದ್ದ. ಜನವರಿ 22ರ ಸಂಜೆ ಮೇಯಿಸಿಕೊಂಡು ಗುಡಿಗೆ ಬಂದಾಗ ದೇವರ ಮುಂದೆ ಒಂದು ಬುಟ್ಟಿ ಹಿಂಡಿ ಇತ್ತು, ಮೇಲೆ ಭಂಡಾರದ ಅರಿಸಿನ, ಹೂವು. ಹೊಸ ಹಿಂಡಿಯ ಮೊದಲ ಬುಟ್ಟಿ ದೇವರಿಗೆ, ದೇವರ ಮುಂದೆ ಇಟ್ಟದ್ದು ದೇವರ ಕುರಿಗೆ. ಅವನ ಅಪ್ಪನ ಕಾಲದಿಂದ ಹಾಗೆಯೇ. ನೀರಲ್ಲಿ ನೆನೆಸಿ ತಾನೇ ಕೈಯಾರೆ ತಿನ್ನಿಸಿದ. ಮೊದಲು ಟಗರಿಗೆ, ಆಮೇಲೆ ಗಬ್ಬದ ಕುರಿಗಳಿಗೆ. ಮರುದಿನದಿಂದ ಒಂದೊಂದಾಗಿ ಬಿದ್ದವು. ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಇನ್ನೂ ನಾಲ್ಕು ಹೋದವು. ಹಿಂಡಿ ಯಾರು ಇಟ್ಟದ್ದು ಎಂದು ಸಂಘದ ಶಂಕ್ರೆವ್ವನನ್ನು ಹಗುರಾಗಿ ಕೇಳಿದ. ಹಣಮವ್ವ ಇಟ್ಟದ್ದು, ನಮ್ಮ ಕಾಡುಹರಳಿನ ಮೊದಲ ಹಿಂಡಿ ಎಂದು ಶಂಕ್ರೆವ್ವ ಹೆಮ್ಮೆಯಿಂದ ಹೇಳಿದಳು. ಮುದುಕ ಹನ್ನೊಂದನ್ನೂ ಒಬ್ಬನೇ ಹೂತ.

"ವಿಷ ಅಂತ ಹಣಮವ್ವಾರಿಗೆ ಗೊತ್ತಿರಲಿಲ್ಲೇನು?"

"ಗೊಬ್ಬರದ ಹಿಂಡಿ ಅಂತ ಗೊತ್ತಿತ್ತು. ದೇವರಿಗೆ ತೋರಸಾಕ ಇಟ್ಟಾಳ. ನಾ ಊರಾಗ ಇಲ್ಲದ ಎಂಟು ತಿಂಗಳು ಇಟ್ಟದ್ದು ಇಟ್ಟಲ್ಲೇ ಇರ್ತಿತ್ತು. ಕುರಿ ಬಾಯಿಗೆ ಹೋಗತೈತಿ ಅಂತ ಅಕಿ ಲಕ್ಷ್ಯಕ್ಕ ಬಂದಿಲ್ಲ."

"ಅಕಿಗೆ ಹೇಳಬಹುದಿತ್ತಲ್ಲ. ಗಿಡ ಯಾಕ ಕಡದ್ರಿ?"

"ಗಿಡದಾಗ ಇನ್ನೂ ಕಾಯಿ ಇದ್ದು. ಮತ್ತ ಗಾಣಕ್ಕ ಹಾಕ್ತಾಳ, ಮತ್ತ ಬುಟ್ಟಿ ತರ್ತಾಳ. ಬ್ಯಾಡ ಅಂದ್ರ ಯಾಕಂತ ಹೇಳಬೇಕು. ದೇವರ ಟಗರಿಗೆ ವಿಷಾ ಹಾಕಿದಾಕಿ ಅಂತ ಊರು ಒಮ್ಮೆ ಅಂತಂದ್ರ ಮುಗೀತು ಯವ್ವಾ, ಅದನ್ನ ಅಕಿ ಸಾಯೂತನಾ ತಲಿ ಮ್ಯಾಲ ಹೊರಬೇಕು. ಗಿಡಾ ಹ್ವಾದ್ರ ಮತ್ತೊಂದು ಹಚ್ಚತಾಳ. ಹುಲಗಲ ಹಚ್ಚಲಿ, ಅದಕ್ಕ ನೆರಳರೆ ಐತಿ." ಹುಲಗಲ ಅಂದರೆ ಅವರ ಮಾತಿನಲ್ಲಿ ಹೊಂಗೆ.

"ಗಿಡ ಇಲ್ಲಂದ್ರ ಮಾರ್ಚ್ ಹದಿನೈದಕ್ಕ ನೆಲಾನೇ ಹೋಗ್ತದ. ಗೊತ್ತದ ಏನು?"

ಅವನಿಗೆ ಗೊತ್ತಿರಲಿಲ್ಲ. ಠಾಣೆಯ ಅಂಗಳದಲ್ಲಿ ಕೂತಿದ್ದವನಿಗೆ ಒಳಗಿನ ಮಾತು ಕೇಳಿರಲಿಲ್ಲ. ಈಗ ಕೇಳಿದಾಗ ಅವನು ಎರಡೂ ಕೈಯಿಂದ ಕಟ್ಟೆಯ ಅಂಚನ್ನು ಹಿಡಿದುಕೊಂಡ. ಶುಭದಾಳಿಗೆ ಅವನ ಮೇಲೆ ಸಿಟ್ಟು ಬಂತು, ಅಷ್ಟೇ ಕನಿಕರವೂ ಬಂತು. ಎರಡನ್ನೂ ಪಕ್ಕಕ್ಕಿಟ್ಟು ಕೆಲಸ ಮುಗಿಸಿದಳು. 4 ಗಂಟೆ 20 ನಿಮಿಷಕ್ಕೆ ದಸ್ತಗಿರಿ. ಜಪ್ತಿ ಪಂಚನಾಮೆಯಲ್ಲಿ ಒಂದು ಸಣ್ಣ ಕೊಡಲಿ, ಒಂದು ಧೋತರ. ಗಿರಮಲ್ಲಪ್ಪ ಕೋಳ ಹೊರಗೆ ತೆಗೆಯಲೇ ಇಲ್ಲ. ಪಂಚನಾಗಿ ಬಂದಿದ್ದ ಹಾಲಸಿದ್ದಪ್ಪ ದೇವರ ಕುರಿಗಳ ಹೊಣೆ ಹೊತ್ತ. ಮುದುಕ ಅವನಿಗೆ ಯಾವ ಕುರಿ ಎಲ್ಲಿ ನೀರು ಕುಡಿಯುತ್ತದೆ ಎಂದು ಹೇಳಿ, ತಾನಾಗಿಯೇ ಜೀಪು ಹತ್ತಿದ.

"ಅಜ್ಜಾರ," ದಾರಿಯಲ್ಲಿ ಶುಭದಾ ಹೇಳಿದಳು, "ಫಿರ್ಯಾದಿ ಅಕಿ. ಹೇಳದ ಇರಾಕ ನನಗ ಬರಂಗಿಲ್ಲ."

ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.

ಸಂಜೆ 5 ಗಂಟೆ 40 ನಿಮಿಷಕ್ಕೆ ಹಣಮವ್ವ ಠಾಣೆಗೆ ಬಂದಳು. ಶುಭದಾ ಬಾಗಿಲು ಮುಂದಕ್ಕೆ ಎಳೆದು ಎಲ್ಲವನ್ನೂ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡದೆ. ಹಣಮವ್ವ ಎರಡೇ ಪ್ರಶ್ನೆ ಕೇಳಿದಳು.

"ಎಷ್ಟು ಕುರಿ?"

"ಹನ್ನೊಂದು."

"ಟಗರು?"

"ಮೊದಲು ಅದ."

ಅವಳು ಎದ್ದಳು. ಒಳಗೆ ಕೂತಿದ್ದ ಅಣ್ಣನ ಕಡೆ ತಿರುಗಿಯೂ ನೋಡದೆ ನಡೆದುಬಿಟ್ಟಳು. ಕಲಂ ಎರಡೂ ಜಾಮೀನಿನವು. ಜಾಮೀನು ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಗಿರಮಲ್ಲಪ್ಪ ಕೇಳಿದಾಗ, ಯಾರೂ ಇಲ್ಲ ಎಂದ ಜಕ್ಕಪ್ಪ. ಗಿರಮಲ್ಲಪ್ಪ ತನ್ನ ಮನೆಯ ರೊಟ್ಟಿ ತಂದುಕೊಟ್ಟ. ಅವನು ಮುಟ್ಟಲಿಲ್ಲ.

ಫೆಬ್ರುವರಿ 9ರ ಬೆಳಿಗ್ಗೆ 9 ಗಂಟೆಗೆ ಎರಡು ಟಂಟಂ ಬಂದವು. ಈ ಸಲ ಗಿರಮಲ್ಲಪ್ಪ ಎಣಿಸಲಿಲ್ಲ. ಇಪ್ಪತ್ತೆರಡೂ ಹೆಂಗಸರು ಅಂಗಳದಲ್ಲಿ ನಿಂತರು. ಹಣಮವ್ವ ಒಬ್ಬಳೇ ಒಳಗೆ ಬಂದಳು. ಕಣ್ಣು ಊದಿದ್ದವು.

"ಜಾಮೀನು ನಾ ಕೊಡ್ತೇನ್ರಿ ಅಕ್ಕಾರ."

ಗಿರಮಲ್ಲಪ್ಪ ಪೆನ್ನು ಹಿಡಿದವನು ಹಾಗೇ ನಿಂತ. "ಫಿರ್ಯಾದಿನ ಆರೋಪಿಗೆ ಜಾಮೀನು? ಇಪ್ಪತ್ತಾರು ವರ್ಷದ ನೌಕರ್ಯಾಗ ನಾ ನೋಡಿಲ್ರಿ."

"ಬೇಡ ಅಂತ ಕಾನೂನಿನಾಗ ಎಲ್ಲಿ ಅದ? ಬರಿ," ಎಂದಳು ಶುಭದಾ.

ಜಕ್ಕಪ್ಪನನ್ನು ಹೊರಗೆ ಕರೆತಂದರು. ಅಣ್ಣ ತಂಗಿ ಎದುರುಬದುರು ನಿಂತರು. ಗಿರಮಲ್ಲಪ್ಪ ಕಾಗದದ ಮೇಲೆ ತಲೆ ಬಗ್ಗಿಸಿಕೊಂಡ.

"ರಾತ್ರಿ ಎಲ್ಲಾ ಮನಿಮನಿಗೆ ಹೋಗಿ ನಾನ ಹೇಳಿ ಬಂದೇನಿ," ಹಣಮವ್ವ ಹೇಳಿದಳು. "ದೇವರ ಕುರಿಗೆ ವಿಷಾ ಹ್ವಾದದ್ದು ನನ್ನ ಬುಟ್ಟಿಲಿಂದ ಅಂತ. ಶಂಕ್ರೆವ್ವ ಸೈತ ಅತ್ಲು. ಬೈದವರೂ ಬೈದ್ರು. ಬೈಯಲಿ. ನೀ ಹದಿನೈದು ದಿನಾ ಒಬ್ಬನ ಹೊತ್ಕೊಂಡ ತಿರಗಾಡಿದೆಲ್ಲೊ. ನಾ ಅಷ್ಟು ಹಗುರ ಮಂದ್ಯೇನೊ ನಿನಗ?"

"ನಿನ್ನ ನೆಲಾ ಕಳದೆನವ್ವಾ ನಾ," ಎಂದ ಜಕ್ಕಪ್ಪ.

"ಹ್ವಾದ್ರ ಹೋಗಲಿ. ಮತ್ತ ಹೊರೂಣು ನೀರು. ಆದ್ರ ಒಂದು ಕೆಲಸಾ ನಿನ್ನಿಂದ ಆಗಬೇಕು. ತರಬೇತ್ಯಾಗ ನಮಗ ಹೇಳ್ತಾರ, ಪುಸ್ತಕ ಕೊಡ್ತಾರ. ಕುರ್ಯಾಗ ಇದ್ದ ನಿಮಗ ಯಾರೂ ಹೇಳಂಗಿಲ್ಲ. ಹಟ್ಟಿ ಹಟ್ಟಿಗೆ ನೀನ ಹೇಳಬೇಕು, ಈ ಹಿಂಡಿ ಕುರಿಗಲ್ಲ ಅಂತ. ಗಾಣದ ಮುಂದ ಚೀಲಾ ಕಟ್ಟುಮುಂದ ನೀನ ನಿಂದರಬೇಕು. ಹನ್ನೊಂದು ಮರಿ ನಾವು ಮಂದಿ ಕೂಡಿ ದೇವರಿಗೆ ಬಿಡ್ತೇವಿ."

ಮುದುಕ ಹೂಂ ಎಂದು ತಲೆಯಾಡಿಸಿದ.

ಸಹಿ, ಹೆಬ್ಬೆಟ್ಟು ಎಲ್ಲ ಮುಗಿಯುವ ಹೊತ್ತಿಗೆ, 11 ಗಂಟೆ 30 ನಿಮಿಷಕ್ಕೆ, ತೋಟಗಾರಿಕೆ ಸಹಾಯಕ ಪರಮೇಶ ಬೈಕು ನಿಲ್ಲಿಸಿ ಒಳಗೆ ಬಂದ. ಮುಂಜಾನೆಯೇ ಮಡ್ಡಿಗೆ ಹೋಗಿ ಗಿಡಗಳನ್ನು ನೋಡಿ ಬಂದಿದ್ದ. ಕೈಯಲ್ಲಿ ನಷ್ಟದ ವರದಿ.

"ನಷ್ಟ ಏನ ಬರೀಬೇಕು ತಿಳೀವಲ್ದರಿ ಮೇಡಂ. ಈ ಸಲದ ಉಳಿದ ಕಾಯಿ ಹ್ವಾತು, ಅದನ್ನ ಬರದೇನಿ. ಗಿಡಾ ಒಂದೂ ಸತ್ತಿಲ್ಲ. ಮಾಘದಾಗ ಇದನ್ನ ಇಷ್ಟ ಎತ್ತರಕ್ಕ ಕಡೀರಿ, ಟೊಂಗಿ ಹೆಚ್ಚಾಗಿ ಒಡಿತಾವ, ಕಾಯಿ ಹೆಚ್ಚು ಬಿಡ್ತಾವ ಅಂತ ಊರೂರು ಹೇಳಿ ನನ್ನ ಗಂಟಲು ಬಿದ್ದೈತಿ. ಯಾರೂ ಕೇಳಿರಲಿಲ್ಲ. ಮಾರ್ಚಿಗೆ ಮುನ್ನೂರಾ ನಲವತ್ತೂ ಚಿಗತಿರ್ತಾವ." ಅವನು ಸುತ್ತ ನೋಡಿದ. "ಇಷ್ಟು ಛಲೋ ಸವರಿದಾವ್ರು ಯಾರ್ರಿ?"

ಎಲ್ಲರೂ ಜಕ್ಕಪ್ಪನ ಕಡೆ ನೋಡಿದರು. ಹಣಮವ್ವ ಬಾಯಿಗೆ ಸೆರಗು ಒತ್ತಿ ಹಿಡಿದಳು.

"ಬುಡಕ್ಕ ಕೊಡ್ಲಿ ಹಾಕಬೇಕಂತನ ಹೋಗಿದ್ದೆ," ಜಕ್ಕಪ್ಪ ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ. "ಐವತ್ತು ವರ್ಷ ಕುರಿಗೆ ಸೊಪ್ಪು ಕಡದ ಕೈರಿ ಇದು. ಚಿಗಿಯಾಕ ಬಿಡದ ಗಿಡಾ ಕಡಿಯಾಕ ಅದಕ್ಕ ಬರಂಗಿಲ್ಲ."

ಅಂಗಳದಲ್ಲಿ ಸುದ್ದಿ ಹಬ್ಬಲು ಒಂದು ನಿಮಿಷ ಹಿಡಿಯಿತು. ಇಪ್ಪತ್ತೆರಡು ಹೆಂಗಸರ ಗದ್ದಲಕ್ಕೆ ಎದುರಿನ ಚಹಾದ ಅಂಗಡಿಯವನು ಹೊರಗೆ ಬಂದು ನೋಡಿದ. ಟಂಟಂಗಳು ಹೊರಟ ಮೇಲೆ ಠಾಣೆ ಮತ್ತೆ ತಣ್ಣಗಾಯಿತು. ಗಿರಮಲ್ಲಪ್ಪ ಅಂತಿಮ ವರದಿಯ ಕರಡು ತಂದು ಮೇಜಿನ ಮೇಲೆ ಇಟ್ಟ. ಕೃತ್ಯಕ್ಕೆ ಕಾರಣ ಎಂಬಲ್ಲಿ ರೂಢಿಯಂತೆ "ಹಳೆಯ ವೈಷಮ್ಯ" ಎಂದು ಬರೆದಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಆ ಜಾಗದಲ್ಲಿ ಬರೆದದ್ದು ಬಹುಮಟ್ಟಿಗೆ ಅದೊಂದೇ.

ಶುಭದಾ ಅದನ್ನು ಹೊಡೆದುಹಾಕಿ, ಮೇಲೆ ತನ್ನ ಕೈಯಿಂದ ಬರೆದಳು: "ತಂಗಿಯ ಕೈಯಿಂದ ಆದ ತಪ್ಪು ತಂಗಿಗೆ ತಿಳಿಯಬಾರದೆಂದು."

ಗಿರಮಲ್ಲಪ್ಪ ಎರಡು ಸಲ ಓದಿದ. "ಇಂಥಾ ಕಾರಣ ಎಲ್ಲಿ ಐತಿ ಅಂತ ಕೋರ್ಟಿನವರು ಕೇಳಿದ್ರ?"

"ಗುಬ್ಬಿಮಡ್ಡ್ಯಾಗ ಅದ ಅಂತ ಹೇಳು," ಎಂದು ಶುಭದಾ ಸಹಿ ಹಾಕಿ, ತಾರೀಖು ಬರೆದಳು.